ಹರಳು ಹುಟ್ಟುವ ಹೊತ್ತು

ಸಕ್ಕರೆ ಪಾಕ ನೀರಿನ ಹಾಗೆ ತಿಳಿಯಾಗಿರುತ್ತದೆ. ಅದನ್ನು ಮರದ ಅಚ್ಚಿಗೆ ಹೊಯ್ದು, ಹತ್ತು ನಿಮಿಷ ಬಿಟ್ಟು ಬಿಚ್ಚಿದರೆ ಒಳಗಿಂದ ಹಾಲುಬಿಳುಪಿನ ಆನೆಯೋ ನವಿಲೋ ತುಳಸಿಕಟ್ಟೆಯೋ ಹೊರಬರುತ್ತದೆ. ಬಿಳಿ ಬಣ್ಣವನ್ನು ಯಾರೂ ಬೆರೆಸಿರುವುದಿಲ್ಲ. ಗಟ್ಟಿಯಾಗಲೆಂದು ಹಿಟ್ಟನ್ನೂ ಹಾಕಿರುವುದಿಲ್ಲ. ಇನ್ನೂ ಸೋಜಿಗವೆಂದರೆ, ಅದೇ ಸಕ್ಕರೆ, ಅದೇ ಒಲೆ, ಅದೇ ಕೈ ಇದ್ದರೂ ಒಂದು ಸೌಟಿನ ಪಾಕ ಗೆರೆಗೆರೆಯೂ ಮೂಡಿದ ಗೊಂಬೆಯಾಗುತ್ತದೆ, ಮುಂದಿನ ಸೌಟಿನದು ಅಚ್ಚಿಗೆ ಮೆತ್ತಿಕೊಂಡು ಅಂಟುಮುದ್ದೆಯಾಗುತ್ತದೆ. ಸಂಕ್ರಾಂತಿಗೆ ಎಳ್ಳು ಬೀರುವ ಹಳೇ ಮೈಸೂರು ಸೀಮೆಯ ಮನೆಗಳಲ್ಲೂ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವ ಉತ್ತರ ಕರ್ನಾಟಕದ ಮನೆಗಳಲ್ಲೂ ಈ ಅನುಭವ ಹೊಸದಲ್ಲ. 'ಪಾಕ ಹದ ತಪ್ಪಿತು' ಎಂಬ ಒಂದೇ ಮಾತಿನಲ್ಲಿ ಅದನ್ನು ಹೇಳಿ ಮುಗಿಸುವುದು ರೂಢಿ.

ಹುಟ್ಟುಹಬ್ಬದ ಕೇಕಿನ ಮೇಲೆ ಕೂರುವ ಸಕ್ಕರೆಯ ಕರಡಿಮರಿ, ಮದುವೆಯ ಕೇಕಿನ ವಧೂವರರು ನೋಡುವುದಕ್ಕೆ ಬೇರೆಯೇ ಜಾತಿ. ಅವುಗಳಿಗೆ ಪಾಕ ಕಾಯಿಸುವುದಿಲ್ಲ, ಅಚ್ಚೂ ಬೇಕಿಲ್ಲ. ಚಪಾತಿ ಹಿಟ್ಟಿನಷ್ಟು ಮೆತ್ತಗಿನ ಸಕ್ಕರೆ ಕಣಕವನ್ನು ಕೈಯಲ್ಲೇ ತಿದ್ದುತ್ತಾರೆ. ಆದರೆ ಒಳಗಿನ ಕಟ್ಟಡ ಎರಡಕ್ಕೂ ಒಂದೇ. ಆ ಕಟ್ಟಡ ತಿಳಿದರೆ ಹದದ ಗುಟ್ಟೂ ತಿಳಿಯುತ್ತದೆ.

ಗೊಂಬೆಯ ಒಳಗೆ

ಸಕ್ಕರೆ ಅಚ್ಚಿನ ಒಂದು ಚೂರನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟರೆ ಒಂದೇ ತುಂಡಾದ ಕಲ್ಲು ಕಾಣುವುದಿಲ್ಲ. ಒಂದಕ್ಕೊಂದು ಒತ್ತಿಕೊಂಡ ಅಸಂಖ್ಯ ಸಣ್ಣ ಹರಳುಗಳು, ಅವುಗಳ ನಡುವೆ ತೆಳುವಾಗಿ ಹರಡಿದ ಪಾಕ ಕಾಣುತ್ತದೆ. ಇದು ರವೆ ಉಂಡೆಯ ರಚನೆಯೇ. ರವೆಯ ಕಾಳು ತಾನಾಗಿ ಉಂಡೆ ಕಟ್ಟುವುದಿಲ್ಲ, ಪಾಕವೊಂದೇ ಇದ್ದರೂ ಉಂಡೆಯಾಗುವುದಿಲ್ಲ. ಪಾಕ ಕಡಿಮೆಯಾದರೆ ಉದುರುತ್ತದೆ, ಹೆಚ್ಚಾದರೆ ಜೋಲುತ್ತದೆ. ಸಕ್ಕರೆ ಗೊಂಬೆಯಲ್ಲಿ ಕಾಳೂ ಸಕ್ಕರೆಯದೇ, ಅಂಟೂ ಸಕ್ಕರೆಯದೇ.

ಬಿಳುಪಿನ ಕಾರಣವೂ ಇಲ್ಲಿಯೇ ಇದೆ. ಸಕ್ಕರೆಯ ಒಂದು ಹರಳಿಗೆ ಬಣ್ಣವಿಲ್ಲ. ಕಲ್ಲುಸಕ್ಕರೆಯ ದೊಡ್ಡ ತುಂಡಿನ ಮೂಲಕ ಬೆಳಕು ಹಾಯುವುದನ್ನು ಯಾರು ಬೇಕಾದರೂ ನೋಡಬಹುದು. ಹರಳುಗಳು ಸಣ್ಣದಾಗಿ ಲೆಕ್ಕವಿಲ್ಲದಷ್ಟು ಸೇರಿದಾಗ ಬೆಳಕು ಪ್ರತಿಯೊಂದು ಅಂಚಿನಲ್ಲೂ ದಿಕ್ಕು ಬದಲಿಸುತ್ತದೆ. ಹೊಕ್ಕ ಬೆಳಕು ಎಲ್ಲ ದಿಕ್ಕಿಗೂ ಚೆದುರಿ ಹೊರಬಂದಾಗ ಕಣ್ಣಿಗೆ ಬಿಳುಪು ಕಾಣುತ್ತದೆ. ಹೊಸದಾಗಿ ಅಚ್ಚಿನಿಂದ ತೆಗೆದ ಗೊಂಬೆ ಸ್ವಲ್ಪ ಮಂಕಾಗಿದ್ದು, ಒಂದು ದಿನ ಆರಿದ ಮೇಲೆ ಬೆಳ್ಳಗಾಗುವುದೂ ಇದರಿಂದಲೇ: ನಡುವಿನ ತೇವ ಹೋದ ಜಾಗಕ್ಕೆ ಗಾಳಿ ಬಂದು ಬೆಳಕು ಇನ್ನಷ್ಟು ಚೆದುರುತ್ತದೆ.

ಹೀಗಾಗಿ ಗೊಂಬೆ ಮಾಡುವವರ ಎದುರು ಇರುವ ಪ್ರಶ್ನೆ ಎರಡೇ. ಹರಳುಗಳು ಎಷ್ಟು ಸಣ್ಣದಿರಬೇಕು? ಅವುಗಳ ನಡುವೆ ಎಷ್ಟು ನೀರು ಉಳಿಯಬೇಕು?

ನೀರು ಹಿಡಿಯಲಾರದಷ್ಟು ಸಕ್ಕರೆ

ಕೋಣೆಯ ಶಾಖದಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಅದೇ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಸುಮಾರು 490 ಗ್ರಾಂ ಕರಗುತ್ತದೆ. ಬಿಸಿ ಪಾಕ ಆರಿದಾಗ ಈ ಎರಡರ ನಡುವಿನ ಸಕ್ಕರೆಗೆ ನೀರಿನಲ್ಲಿ ಜಾಗವಿಲ್ಲದಂತಾಗುತ್ತದೆ. ಆದರೂ ಅದು ತಕ್ಷಣ ಹೊರಬೀಳುವುದಿಲ್ಲ. ಅಲುಗಾಡಿಸದೆ ಇಟ್ಟರೆ ಪಾಕ ತನ್ನ ಅಳವು ಮೀರಿದ ಸಕ್ಕರೆಯನ್ನು ಬಹಳ ಹೊತ್ತು ಹಿಡಿದಿಟ್ಟುಕೊಂಡಿರಬಲ್ಲದು. ಇಂಥದ್ದನ್ನು ಇಲ್ಲಿ 'ಅಳವು ಮೀರಿದ ಪಾಕ' ಎಂದು ಕರೆಯಬಹುದು. ಸಕ್ಕರೆ ಗೊಂಬೆಯ ಕಸುಬೆಲ್ಲ ನಿಂತಿರುವುದು ಪಾಕದ ಈ ಅಸ್ಥಿರ ಸ್ಥಿತಿಯ ಮೇಲೆ.

ಅಳವು ಎಷ್ಟು ಮೀರಿದೆ ಎಂಬುದನ್ನು ಕುದಿಯುವ ಶಾಖವೇ ಹೇಳುತ್ತದೆ. ಪಾಕದಲ್ಲಿ ನೀರು ಕಡಿಮೆಯಾದಷ್ಟೂ ಅದು ಕುದಿಯುವ ಶಾಖ ಏರುತ್ತ ಹೋಗುತ್ತದೆ. 115 ಡಿಗ್ರಿಯ ಆಸುಪಾಸಿನಲ್ಲಿ ಪಾಕದಲ್ಲಿ ಉಳಿಯುವ ನೀರು ಸುಮಾರು ಶೇ 15. 120 ಡಿಗ್ರಿ ದಾಟಿ ಸ್ವಲ್ಪ ಮುಂದೆ ಹೋದರೆ ಶೇ 10ರ ಹತ್ತಿರಕ್ಕೆ ಇಳಿಯುತ್ತದೆ. 150ರ ಹೊತ್ತಿಗೆ ಶೇ 1 ಅಥವಾ 2 ಮಾತ್ರ. ಬೆರಳುಗಳ ನಡುವೆ ಎಳೆದು ನೋಡುವ ಒಂದೆಳೆ ಪಾಕ, ಎರಡೆಳೆ ಪಾಕ, ತಣ್ಣೀರಿನ ಬಟ್ಟಲಿಗೆ ಹನಿಸಿ ನೋಡುವ ಉಂಡೆ ಪಾಕ ಎಂಬ ಹೆಸರುಗಳು ಇದೇ ನೀರಿನ ಅಳತೆಗಳು. ಥರ್ಮಾಮೀಟರ್ ಇಲ್ಲದ ಅಡುಗೆಮನೆ ಬೆರಳಿನಿಂದಲೇ ಶೇಕಡಾವಾರು ಅಳೆಯಲು ಕಲಿತದ್ದು ಸಣ್ಣ ಸಾಧನೆಯಲ್ಲ.

ಶೇ 15 ನೀರಿರುವ 100 ಗ್ರಾಂ ಪಾಕ ಆರಿತು ಎಂದುಕೊಳ್ಳೋಣ. ಅದರ 15 ಗ್ರಾಂ ನೀರು ಸುಮಾರು 30 ಗ್ರಾಂ ಸಕ್ಕರೆಯನ್ನಷ್ಟೇ ಹಿಡಿದುಕೊಳ್ಳುತ್ತದೆ. ಉಳಿದ 55 ಗ್ರಾಂ ಹರಳಾಗುತ್ತದೆ. ಅಂದರೆ ಹೆಚ್ಚುಕಡಿಮೆ ಅರ್ಧ ಹರಳು, ಅರ್ಧ ಪಾಕ. ಇದು ಒತ್ತಿದರೆ ತಗ್ಗುವ ಮಿಠಾಯಿಯ ಹದ. ನೀರು ಶೇ 10ಕ್ಕೆ ಇಳಿದಿದ್ದರೆ ಹರಳು 70 ಗ್ರಾಂ ಆಗುತ್ತದೆ, ಗೊಂಬೆ ತನ್ನ ಕಾಲ ಮೇಲೆ ನಿಲ್ಲುತ್ತದೆ. ಕುದಿಯಲ್ಲಿ ಕೆಲವೇ ಡಿಗ್ರಿ ಹೆಚ್ಚುಕಡಿಮೆಯಾದರೆ ಆನೆಯ ಸೊಂಡಿಲು ಉಳಿಯುವುದೋ ಮುರಿಯುವುದೋ ತೀರ್ಮಾನವಾಗುತ್ತದೆ.

ಹರಳುಬೀಜ

ಅಳವು ಮೀರಿದ ಪಾಕ ಹರಳಾಗಲು ಆರಂಭ ಬೇಕು. ಪಾಕದೊಳಗೆ ಸಕ್ಕರೆಯ ಅಣುಗಳು ಸದಾ ಓಡಾಡುತ್ತಿರುತ್ತವೆ. ನಾಲ್ಕಾರು ಅಣುಗಳು ಒಟ್ಟಿಗೆ ಬಂದು ಸಾಲು ಕಟ್ಟುತ್ತವೆ, ಮರುಕ್ಷಣ ಬಿಡಿಸಿಕೊಂಡು ಹೋಗುತ್ತವೆ. ಗುಂಪು ಒಂದು ಗಾತ್ರ ದಾಟಿದರೆ ಮಾತ್ರ ಅದು ಕರಗದೆ ಉಳಿದು ಬೆಳೆಯತೊಡಗುತ್ತದೆ. ಹಾಗೆ ಉಳಿದ ಗುಂಪೇ ಹರಳುಬೀಜ. ಕರಗದೆ ಉಳಿದ ಒಂದು ಸಕ್ಕರೆ ಕಾಳು, ಪಾತ್ರೆಯ ಅಂಚಿನಲ್ಲಿ ಒಣಗಿದ ಪಾಕದ ಪುಡಿ, ಸೌಟಿನ ತಿಕ್ಕಾಟ ಇವೆಲ್ಲ ಬೀಜ ಹುಟ್ಟಿಸುತ್ತವೆ. ಗುಲಾಬ್ ಜಾಮೂನಿನ ಪಾಕ ಹರಳುಗಟ್ಟಬಾರದೆನ್ನುವವರು ಪಾತ್ರೆಯ ಅಂಚನ್ನು ಒದ್ದೆ ಮಾಡಿ ಒರೆಸಿ, ಪಾಕವನ್ನು ಕಲಕದೆ ಬಿಡುತ್ತಾರೆ. ಅಚ್ಚು ಮಾಡುವವರು ಮಾಡುವುದು ಅದಕ್ಕೆ ತದ್ವಿರುದ್ಧ.

ಕ್ರಮ ಹೀಗಿದೆ. ಮೊದಲು ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಒಂದೆರಡು ಚಮಚ ಹಾಲು ಬಿಡುತ್ತಾರೆ. ಹಾಲಿನ ಪ್ರೋಟೀನು ಬಿಸಿಗೆ ಗಂಟಾಗುತ್ತ ಕೊಳೆಯನ್ನೆಲ್ಲ ಹಿಡಿದುಕೊಂಡು ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದು ತೆಳುಬಟ್ಟೆಯಲ್ಲಿ ಶೋಧಿಸಿದರೆ ತಿಳಿಪಾಕ ಸಿದ್ಧ. ಆಮೇಲೆ ಇಡೀ ಪಾಕವನ್ನು ಒಮ್ಮೆಗೇ ಗಟ್ಟಿ ಮಾಡುವುದಿಲ್ಲ. ಒಂದೆರಡು ಸೌಟಿನಷ್ಟನ್ನು ಹಿಡಿಯಿರುವ ಸಣ್ಣ ಪಾತ್ರೆಗೆ ತೆಗೆದುಕೊಂಡು ಮತ್ತೆ ಕಾಯಿಸುತ್ತಾರೆ. ಗುಳ್ಳೆಗಳು ಮೊದಲು ದೊಡ್ಡದಾಗಿ ಬೇಗ ಒಡೆಯುತ್ತವೆ, ನೀರು ಕಡಿಮೆಯಾದಂತೆ ಸಣ್ಣದಾಗಿ, ದಪ್ಪಗೆ, ನಿಧಾನವಾಗಿ ಏಳುತ್ತವೆ. ಆಗ ಒಲೆಯಿಂದ ಇಳಿಸಿ, ಮರದ ಕಡ್ಡಿಯಿಂದ ಪಾತ್ರೆಯ ಪಕ್ಕಕ್ಕೆ ತಿಕ್ಕಿ ತಿಕ್ಕಿ ತಿರುವುತ್ತಾರೆ. ಕಡ್ಡಿ ತಿಕ್ಕಿದ ಜಾಗದಲ್ಲಿ ಮೊದಲು ಬಿಳಿ ಗೆರೆಯೊಂದು ಕಾಣುತ್ತದೆ. ಅದನ್ನು ಪಾಕಕ್ಕೆ ಸೇರಿಸಿ ಮತ್ತೆ ತಿರುವಿದರೆ ಮಬ್ಬು ಒಳಕ್ಕೆಲ್ಲ ಹರಡುತ್ತದೆ, ಮೇಲಿನ ಹೊಳಪು ಹೋಗುತ್ತದೆ, ಕಡ್ಡಿ ತುಸು ಭಾರವೆನಿಸುತ್ತದೆ. ಹೊಯ್ಯಬೇಕಾದ ಕ್ಷಣ ಅದೇ.

ಸ್ವಲ್ಪ ಮುಂಚೆ ಹೊಯ್ದರೆ ಬೀಜಗಳು ಕಡಿಮೆ ಇರುತ್ತವೆ. ಇರುವ ನಾಲ್ಕೇ ಬೀಜಗಳು ಎಲ್ಲ ಸಕ್ಕರೆಯನ್ನೂ ತಾವೇ ಸೆಳೆದುಕೊಂಡು ದಪ್ಪ ಹರಳುಗಳಾಗುತ್ತವೆ. ಗೊಂಬೆ ತರಿತರಿಯಾಗಿ, ಕಣ್ಣುಮೂಗು ಸರಿಯಾಗಿ ಮೂಡದೆ, ಗಟ್ಟಿಯಾಗುವುದಕ್ಕೂ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ತಡವಾದರೆ ಪಾಕ ಪಾತ್ರೆಯಲ್ಲೇ ಗಡ್ಡೆ ಕಟ್ಟುತ್ತದೆ. ಒಂದೇ ಹೊತ್ತಿಗೆ ಲೆಕ್ಕವಿಲ್ಲದಷ್ಟು ಬೀಜಗಳು ಹುಟ್ಟಿದರೆ ಪ್ರತಿಯೊಂದಕ್ಕೂ ಸಿಗುವ ಸಕ್ಕರೆ ಸ್ವಲ್ಪವೇ. ಹರಳು ಸಣ್ಣದಾಗಿಯೇ ನಿಲ್ಲುತ್ತದೆ, ಅಚ್ಚಿನ ಅತಿ ಸಣ್ಣ ಗೆರೆಯೊಳಕ್ಕೂ ಇಳಿಯುತ್ತದೆ. ಹದ ಎಂದರೆ ಇಷ್ಟೇ: ಪಾಕ ಇನ್ನೂ ಹರಿಯುತ್ತಿರುವಾಗಲೇ ಆದಷ್ಟು ಹೆಚ್ಚು ಬೀಜಗಳನ್ನು ಹುಟ್ಟಿಸುವುದು.

ಮಿಠಾಯಿ ಕಾರ್ಖಾನೆಗಳಲ್ಲಿ ಫಾಂಡಂಟ್ ಎಂಬ ಬೆಣ್ಣೆಯಂಥ ಸಕ್ಕರೆ ಮುದ್ದೆ ಮಾಡುವಾಗ ಪಾಕವನ್ನು ಸುಮಾರು 50 ಡಿಗ್ರಿಗೆ ಆರಿಸಿದ ಮೇಲೆಯೇ ತಿರುವಲು ಶುರುಮಾಡುತ್ತಾರೆ. ತಣ್ಣಗಿದ್ದಷ್ಟೂ ಅಳವು ಹೆಚ್ಚು ಮೀರಿರುತ್ತದೆ, ಬೀಜಗಳು ಒಮ್ಮೆಗೇ ಮುತ್ತಿಕೊಂಡು ಹುಟ್ಟುತ್ತವೆ, ಹರಳುಗಳು ನಾಲಿಗೆಗೆ ಗೊತ್ತಾಗದಷ್ಟು ನಯವಾಗುತ್ತವೆ. ಅಚ್ಚು ಮಾಡುವವರಿಗೆ ಆ ಅನುಕೂಲವಿಲ್ಲ. ಅಷ್ಟು ಆರಿದ ಪಾಕ ಅಚ್ಚಿನ ಕಿರಿದಾದ ಬಾಯಿಯಿಂದ ಇಳಿಯುವುದೇ ಇಲ್ಲ. ಬಿಸಿಯಲ್ಲೇ ತಿರುವಬೇಕು, ಬಿಸಿಯಲ್ಲೇ ಹೊಯ್ಯಬೇಕು. ಸಕ್ಕರೆ ಅಚ್ಚು ಕಡಿದಾಗ ನಾಲಿಗೆಗೆ ಸಿಗುವ ಸಣ್ಣ ಮರಳುತನ ಈ ರಾಜಿಯ ಗುರುತು. ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ.

ನೆನೆದ ಮರ

ತೇಗದಂಥ ಗಟ್ಟಿ ಮರದಲ್ಲಿ ಕೆತ್ತಿದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕುತ್ತಾರೆ. ಒಣಮರದ ರಂಧ್ರಗಳು ಪಾಕವನ್ನು ಹೀರಿಕೊಂಡರೆ ಗೊಂಬೆ ಮರಕ್ಕೇ ಬೇರುಬಿಟ್ಟಂತಾಗಿ, ಬಿಡಿಸುವಾಗ ಕಿವಿ ಒಂದು ಕಡೆ ಬಾಲ ಇನ್ನೊಂದು ಕಡೆ ಉಳಿಯುತ್ತದೆ. ನೆನೆದ ಮರದ ರಂಧ್ರಗಳಲ್ಲಿ ಆಗಲೇ ನೀರು ತುಂಬಿರುವುದರಿಂದ ಪಾಕಕ್ಕೆ ಒಳಗೆ ದಾರಿಯಿಲ್ಲ. ಹೊಯ್ಯುವ ಮುಂಚೆ ಮೇಲಿನ ನೀರನ್ನು ಕೊಡವಿ, ಒರೆಸಿ, ಎರಡು ಹೋಳುಗಳನ್ನು ದಾರದಿಂದಲೋ ರಬ್ಬರ್ ಬ್ಯಾಂಡಿನಿಂದಲೋ ಬಿಗಿಯುತ್ತಾರೆ. ನೀರು ನಿಂತಿದ್ದರೆ ಆ ಜಾಗದ ಹರಳು ಕರಗಿ ಗೊಂಬೆಯ ಮೈಮೇಲೆ ಕುಳಿ ಬೀಳುತ್ತದೆ.

ನಿಂಬೆಯ ಹನಿ

ಕೆಲವು ಮನೆಗಳಲ್ಲಿ ಪಾಕಕ್ಕೆ ಎರಡು ಹನಿ ನಿಂಬೆರಸ ಬಿಡುವ ರೂಢಿಯಿದೆ. ಎರಡು ಹನಿ ಸರಿ, ಒಂದು ಚಮಚವಾದರೆ ಕೆಲಸ ಕೆಟ್ಟಿತು. ಸಕ್ಕರೆಯ ಒಂದೊಂದು ಅಣುವೂ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಚಿಕ್ಕ ಸಕ್ಕರೆಗಳ ಜೋಡಿ. ಹುಳಿ ಮತ್ತು ಬಿಸಿ ಸೇರಿದರೆ ಈ ಜೋಡಿ ಒಡೆಯುತ್ತದೆ. ಹೀಗಾದ 'ಒಡೆದ ಸಕ್ಕರೆ' ಹರಳಿನ ಸಾಲಿನಲ್ಲಿ ಸರಿಯಾಗಿ ಕೂರುವುದಿಲ್ಲ, ಕೂರಲು ಬಂದ ಇತರ ಅಣುಗಳಿಗೂ ಅಡ್ಡವಾಗುತ್ತದೆ. ಸ್ವಲ್ಪ ಇದ್ದರೆ ಹರಳುಗಳ ಬೆಳವಣಿಗೆ ನಿಧಾನವಾಗಿ ಗೊಂಬೆ ನಯವಾಗುತ್ತದೆ. ಹೆಚ್ಚಾದರೆ ಎಷ್ಟು ತಿರುವಿದರೂ ಪಾಕ ಬೆಳ್ಳಗಾಗುವುದಿಲ್ಲ.

ಪಾತ್ರೆಯಲ್ಲಿ ಗಡ್ಡೆ ಕಟ್ಟಿದ ಪಾಕಕ್ಕೆ ನೀರು ಸೇರಿಸಿ ಮತ್ತೆ ಮತ್ತೆ ಕಾಯಿಸುವಾಗಲೂ ಇದೇ ನಡೆಯುತ್ತದೆ. ಪ್ರತಿ ಕುದಿಯಲ್ಲೂ ಇನ್ನಷ್ಟು ಸಕ್ಕರೆ ಒಡೆಯುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ. ಬೆಳಗಿನ ಗೊಂಬೆಗಳು ಬೆಳ್ಳಗೆ ಗಟ್ಟಿಯಾಗಿ, ಕೊನೆಯವು ಮೆತ್ತಗಾಗಿ ಬರುವುದಕ್ಕೆ ಮಾಡುವವರ ಆಯಾಸ ಕಾರಣವಲ್ಲ. ಬೆಲ್ಲದಲ್ಲಿ ಒಡೆದ ಸಕ್ಕರೆ ಹುಟ್ಟಿನಿಂದಲೇ ಬೇಕಾದಷ್ಟಿದೆ; ಆದ್ದರಿಂದ ಅಚ್ಚುಬೆಲ್ಲ ಅಚ್ಚಿನ ಆಕಾರವನ್ನೇನೋ ಹಿಡಿಯುತ್ತದೆ, ಆದರೆ ನವಿಲಿನ ಗರಿಯ ಗೆರೆಯನ್ನು ಹಿಡಿದಿಡಲಾರದು.

ಕೇಕಿನ ಮೇಲಿನ ಗೊಂಬೆ

ಪಾಕ ಕಾಯಿಸಿ ಹರಳು ಹುಟ್ಟಿಸುವ ತಾಪತ್ರಯವನ್ನೇ ಬಿಟ್ಟು, ಆಗಲೇ ಇರುವ ಹರಳುಗಳನ್ನು ಅಂಟಿಸಿದರೆ ಆಗದೇ? ಮೆಕ್ಸಿಕೋದಲ್ಲಿ ಮೃತರ ದಿನಕ್ಕೆ ಮಾಡುವ ಸಕ್ಕರೆಯ ತಲೆಬುರುಡೆಗಳಲ್ಲಿ ಒಂದು ಬಗೆಯನ್ನು ಹಾಗೆಯೇ ಮಾಡುತ್ತಾರೆ. ಸಾಮಾನ್ಯ ಸಕ್ಕರೆಗೆ ಒಣಗಿಸಿದ ಮೊಟ್ಟೆಬಿಳಿಯ ಪುಡಿಯನ್ನೂ ಸ್ವಲ್ಪ ನೀರನ್ನೂ ಬೆರೆಸಿ, ಅಚ್ಚಿಗೆ ಒತ್ತಿ, ರಾತ್ರಿಯಿಡೀ ಒಣಗಲು ಬಿಡುತ್ತಾರೆ. ಕಾಳು ದಪ್ಪ ಇರುವುದರಿಂದ ಮೈ ಒರಟು; ಅದನ್ನು ಬಣ್ಣಬಣ್ಣದ ಐಸಿಂಗಿನಿಂದ ಸಿಂಗರಿಸುತ್ತಾರೆ.

ಕೇಕಿನ ಗೊಂಬೆಗೆ ಬೇಕಾದ ನಯ ಅದರಿಂದ ಬರುವುದಿಲ್ಲ. ಅಲ್ಲಿ ಬಳಸುವುದು ಐಸಿಂಗ್ ಸಕ್ಕರೆ, ಅಂದರೆ ಹಿಟ್ಟಿನಷ್ಟು ನುಣ್ಣಗೆ ಬೀಸಿ, ಗಂಟಾಗದಿರಲು ತುಸು ಮೆಕ್ಕೆಜೋಳದ ಪಿಷ್ಟ ಬೆರೆಸಿದ ಸಕ್ಕರೆ. ಅಚ್ಚಿನಲ್ಲಿ ಮರದ ಕಡ್ಡಿ ಮಾಡಿದ ಕೆಲಸವನ್ನು ಇಲ್ಲಿ ಗಿರಣಿ ಮೊದಲೇ ಮಾಡಿ ಮುಗಿಸಿದೆ: ಹರಳುಗಳು ಆಗಲೇ ಸಣ್ಣದಾಗಿವೆ. ಉಳಿದದ್ದು ಅಂಟಿನ ಪ್ರಶ್ನೆ. ಯೂರೋಪಿನ ಮಿಠಾಯಿಗಾರರು ಶತಮಾನಗಳ ಕಾಲ ಇದಕ್ಕೆ ನಂಬಿದ್ದು ಇರಾನ್ ಮತ್ತು ತುರ್ಕಿಯ ಒಣಬೆಟ್ಟಗಳಲ್ಲಿ ಬೆಳೆಯುವ ಮುಳ್ಳುಗಿಡಗಳಿಂದ ಒಸರುವ ಟ್ರಾಗಕಾಂತ್ ಗೋಂದನ್ನು. ಫ್ರಾನ್ಸಿನ ಆಂತೊನಾನ್ ಕರೇಮ್ (1784–1833) ಇಂಥ ಸಕ್ಕರೆ ಕಣಕದಿಂದ ದೇವಾಲಯಗಳ, ಪಾಳುಮಂಟಪಗಳ ಮಾದರಿಗಳನ್ನೇ ಔತಣದ ಮೇಜಿನ ಮೇಲೆ ಎಬ್ಬಿಸಿದ. 1710ರಲ್ಲಿ ಆರಂಭವಾದ ಜರ್ಮನಿಯ ಮೈಸೆನ್ ಕಾರ್ಖಾನೆಯ ಪಿಂಗಾಣಿ ಗೊಂಬೆಗಳು ಔತಣದ ಮೇಜಿಗೆ ಬಂದದ್ದು ಸಕ್ಕರೆ ಗೊಂಬೆಗಳ ಬದಲಿಗೆ. ಗಾಜಿನ ಕಪಾಟಿನಲ್ಲಿಟ್ಟು ಜನ ಮೆಚ್ಚುವ ಆ ಪಿಂಗಾಣಿಗಳು ಸಕ್ಕರೆ ಕಸುಬಿನ ವಾರಸುದಾರರು ಎಂಬುದನ್ನು ನೆನೆಯುವವರು ಕಡಿಮೆ.

ಇಂದಿನ ಬೇಕರಿಗಳಲ್ಲಿ ಗೋಂದಿನ ಜಾಗಕ್ಕೆ ಸಿಎಂಸಿ ಪುಡಿ ಬಂದಿದೆ. ಹತ್ತಿ ಅಥವಾ ಮರದ ನಾರಿನಿಂದ ತಯಾರಿಸುವ ಇದು ಅಂಗಡಿಗಳಲ್ಲಿ ಟೈಲೋಸ್ ಪುಡಿ ಎಂಬ ಹೆಸರಿನಲ್ಲೂ ಸಿಗುತ್ತದೆ. ಕಾಲು ಕಿಲೋ ಸಕ್ಕರೆ ಕಣಕಕ್ಕೆ ಸುಮಾರು ಒಂದು ಟೀ ಚಮಚ ಸಾಕು. ಇದರ ಅಣುಗಳು ಬಹಳ ಉದ್ದ. ನೀರು ಸಿಕ್ಕೊಡನೆ ಅವು ಬಿಚ್ಚಿಕೊಂಡು, ನೀರನ್ನು ತಮ್ಮಲ್ಲಿ ಹಿಡಿದುಕೊಂಡು, ಸಕ್ಕರೆ ಕಣಗಳ ನಡುವೆ ಹೆಣೆದುಕೊಳ್ಳುತ್ತವೆ. ನೀರಿರುವಷ್ಟು ಹೊತ್ತು ಕಣಗಳು ಒಂದರ ಮೇಲೊಂದು ಜಾರುತ್ತವೆ, ಕಣಕ ಬೆರಳು ಹೇಳಿದಂತೆ ಕೇಳುತ್ತದೆ. ನೀರು ಆರಿದಂತೆ ಹೆಣಿಗೆ ಬಿಗಿಯಾಗಿ ಗೊಂಬೆ ಗಟ್ಟಿಯಾಗುತ್ತದೆ. ಅಚ್ಚಿನಲ್ಲಿ ನಿಮಿಷಗಳಲ್ಲಿ ನಡೆದುಹೋಗುವ ಗಟ್ಟಿಯಾಗುವಿಕೆ ಇಲ್ಲಿ ಗಂಟೆಗಳಿಗೆ, ದಿನಗಳಿಗೆ ಹರಡುತ್ತದೆ. ಹುಬ್ಬು, ಉಗುರು, ಸೀರೆಯ ನೆರಿಗೆ ತಿದ್ದುವುದಕ್ಕೆ ಬೇಕಾದ ಬಿಡುವು ಸಿಗುವುದು ಹೀಗೆ.

ಕಣಕಕ್ಕೆ ಸೇರಿಸುವ ಉಳಿದ ಪದಾರ್ಥಗಳೆಲ್ಲ ಈ ಬಿಡುವನ್ನು ಹಿಗ್ಗಿಸುವುದಕ್ಕೋ ಕುಗ್ಗಿಸುವುದಕ್ಕೋ ಇವೆ. ಗ್ಲೂಕೋಸ್ ಪಾಕ ಕಣಕವನ್ನು ಬಾಗುವಂತೆ ಇಡುತ್ತದೆ. ವನಸ್ಪತಿ ಸವರಿದರೆ ಕೈಗೆ ಅಂಟುವುದಿಲ್ಲ, ತೇವವೂ ಬೇಗ ಹಾರುವುದಿಲ್ಲ. ಸಿಎಂಸಿ ಹೆಚ್ಚಾದರೆ ತಿದ್ದುತ್ತಿರುವಾಗಲೇ ಆನೆಚರ್ಮದಂತೆ ಬಿರುಕು ಮೂಡುತ್ತದೆ. ಕೇಕಿಗೆ ಹೊದಿಸುವ ಮೆತ್ತಗಿನ ಫಾಂಡಂಟಿನಿಂದಲೇ ಗೊಂಬೆ ಮಾಡಹೊರಟವರಿಗೆ ಅದು ರಾತ್ರಿ ಕಳೆಯುವಷ್ಟರಲ್ಲಿ ಕುಸಿದು ಕೂರುವುದು ಗೊತ್ತಿರುತ್ತದೆ. ಆ ಮಿಶ್ರಣವನ್ನು ಒಣಗದಿರಲೆಂದೇ ಮಾಡಿದ್ದಾರೆ, ಗೊಂಬೆಗೆ ಒಣಗುವ ಮಿಶ್ರಣ ಬೇಕು.

ದಪ್ಪ ಮೈಯ ಗೊಂಬೆಗೆ ಇನ್ನೊಂದು ತೊಡಕಿದೆ. ಹೊರಗಿನ ಪದರ ಮೊದಲು ಒಣಗಿ ಗಟ್ಟಿಯಾಗುತ್ತದೆ. ಒಳಗಿನದು ನಿಧಾನವಾಗಿ ಒಣಗುತ್ತ ಕುಗ್ಗುವಾಗ ಹೊರಪದರ ಬಿರಿಯುತ್ತದೆ. ಅದಕ್ಕಾಗಿ ಮುಂಡವನ್ನು ಮೊದಲು ಮಾಡಿ ಒಂದು ದಿನ ಒಣಗಿಸಿ, ಆಮೇಲೆ ತಲೆಯನ್ನು ಕೂರಿಸುವುದು ಕಸುಬಿನ ಪದ್ಧತಿ. ಕತ್ತಿಗೆ ಆಸರೆಯಾಗಿ ಒಣ ಸ್ಪಗೆಟ್ಟಿ ಕಡ್ಡಿ ಚುಚ್ಚುತ್ತಾರೆ. ಹಲ್ಲುಕಡ್ಡಿಯಾಗಲಿ ತಂತಿಯಾಗಲಿ ಮಗುವಿನ ಬಾಯಿಗೆ ಹೋಗಬಾರದು. ಬೆಂಗಳೂರಿನಲ್ಲಿ ಡಿಸೆಂಬರ್‌ನಲ್ಲಿ ನಡೆಯುವ ಕೇಕ್ ಪ್ರದರ್ಶನದಲ್ಲಿ ಆಳೆತ್ತರದ ಸಕ್ಕರೆ ಕಟ್ಟಡಗಳನ್ನು ನೋಡಲು ಜನ ಸಾಲುಗಟ್ಟುತ್ತಾರೆ. ಅಷ್ಟು ದೊಡ್ಡದಕ್ಕೆ ಒಳಗೆ ಬೇರೆ ಚೌಕಟ್ಟು ಬೇಕೇ ಬೇಕು, ಸಕ್ಕರೆಯೊಂದೇ ತನ್ನ ಭಾರವನ್ನು ಅಷ್ಟು ಎತ್ತರಕ್ಕೆ ಹೊರಲಾರದು.

ಗಾಜಾದ ಸಕ್ಕರೆ

ಹರಳೇ ಇಲ್ಲದ ಗೊಂಬೆಯೂ ಉಂಟು. ಪಾಕವನ್ನು 150 ಡಿಗ್ರಿಯವರೆಗೆ ಕಾಯಿಸಿ ಕಲಕದೆ ಆರಿಸಿದರೆ ಅಣುಗಳಿಗೆ ಸಾಲು ಕಟ್ಟಲು ಸಮಯ ಸಿಗುವುದಿಲ್ಲ; ಇದ್ದ ಇದ್ದಲ್ಲೇ ನಿಂತುಬಿಡುತ್ತವೆ. ಹೀಗಾದದ್ದು ಗಾಜಿನಂತೆ ಪಾರದರ್ಶಕ. ಹಂಸ, ಹೂವು, ರಿಬ್ಬನ್ನುಗಳನ್ನು ಬಿಸಿಯಲ್ಲೇ ಎಳೆದು ಊದಿ ಮಾಡುವುದು ಇದರಿಂದ. ನೋಡಲು ಎಲ್ಲಕ್ಕಿಂತ ಚೆಂದ, ಬಾಳಿಕೆ ಎಲ್ಲಕ್ಕಿಂತ ಕಡಿಮೆ. ಗಾಳಿಯ ತೇವ ತಾಗಿದೊಡನೆ ಮೈ ಅಂಟಾಗುತ್ತದೆ, ಆ ತೇವದಲ್ಲಿ ಅಣುಗಳಿಗೆ ಚಲನೆ ಮರಳಿ ಬಂದು ಮೇಲ್ಮೈ ಹರಳುಗಟ್ಟಿ ಮಸುಕಾಗುತ್ತದೆ.

ಗಾಳಿಯ ತೇವ

ಗೊಂಬೆಯ ಆಯುಸ್ಸನ್ನು ಕೊನೆಗೆ ತೀರ್ಮಾನಿಸುವುದು ಸುತ್ತಲಿನ ಗಾಳಿ. ಶುದ್ಧ ಸಕ್ಕರೆಯ ಹರಳು ಗಾಳಿಯ ತೇವಾಂಶ ಸುಮಾರು ಶೇ 85 ತಲುಪುವವರೆಗೆ ಕರಗುವುದಿಲ್ಲ. ಅದನ್ನು ದಾಟಿದರೆ ಗಾಳಿಯಿಂದಲೇ ನೀರು ಸೆಳೆದು ಕರಗತೊಡಗುತ್ತದೆ. ಫ್ರಕ್ಟೋಸಿನ ವಿಷಯದಲ್ಲಿ ಈ ಗಡಿ ಶೇ 60ರ ಆಸುಪಾಸಿನಲ್ಲೇ ಬಂದುಬಿಡುತ್ತದೆ. ನಿಂಬೆಹುಳಿ ಹೆಚ್ಚಾದ, ಅಥವಾ ಪದೇ ಪದೇ ಕುದಿಸಿದ ಪಾಕದ ಗೊಂಬೆ ನಾಲ್ಕೇ ದಿನದಲ್ಲಿ ಬೆವರುವುದು ಈ ಕಾರಣಕ್ಕೆ. ಮಕರ ಸಂಕ್ರಾಂತಿ ಮಳೆಗಾಲ ಮುಗಿದು ಗಾಳಿ ಒಣಗಿರುವ ಜನವರಿಯಲ್ಲಿ ಬರುವುದು ಅಚ್ಚು ಮಾಡುವವರಿಗೆ ದೊಡ್ಡ ಅನುಕೂಲ. ಜುಲೈ ತಿಂಗಳ ಮಂಗಳೂರಿನಲ್ಲಿ ಅದೇ ಕೆಲಸ ಮಾಡುವವರು ಬಾಗಿಲು ಕಿಟಕಿ ಮುಚ್ಚಿ ಎಸಿಯ ಮೊರೆಹೋಗಬೇಕಾಗುತ್ತದೆ.

ಕೇಕಿನ ಗೊಂಬೆಗೆ ಕೆಳಗಿನಿಂದಲೂ ಅಪಾಯವಿದೆ. ಕ್ರೀಮಿನ ನೀರು ತಾಗಿದ ಪಾದ ಮೊದಲು ಮೆತ್ತಗಾಗುತ್ತದೆ, ಆಮೇಲೆ ಗೊಂಬೆ ವಾಲುತ್ತದೆ. ಹೀಗಾಗಿ ಗೊಂಬೆಯ ಅಡಿಗೆ ತೆಳುವಾದ ಒಂದು ಬಿಲ್ಲೆ ಇಟ್ಟು, ಕೇಕ್ ಕತ್ತರಿಸುವುದಕ್ಕೆ ಸ್ವಲ್ಪ ಮುಂಚೆಯಷ್ಟೇ ಕೂರಿಸುವುದು ಒಳ್ಳೆಯದು. ಇನ್ನು ಸಕ್ಕರೆ ಗೊಂಬೆಗಳಿಗೆ ಫ್ರಿಜ್ಜಿನಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ತಣ್ಣಗಾದ ಗೊಂಬೆಯನ್ನು ಹೊರಗೆ ತೆಗೆದೊಡನೆ ಗಾಳಿಯ ನೀರಾವಿ ಅದರ ಮೈಮೇಲೆ ಹನಿಗಟ್ಟುತ್ತದೆ. ಬಣ್ಣ ಹರಿಯುತ್ತದೆ, ಗೆರೆಗಳು ಅಳಿಯುತ್ತವೆ. ಅಚ್ಚಾಗಲಿ ಕೇಕಿನ ಗೊಂಬೆಯಾಗಲಿ, ಪೂರ್ತಿ ಒಣಗಿಸಿ, ಕಾಗದದಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಹೊರಗಡೆಯೇ ಇಡಬೇಕು. ಅಷ್ಟು ಕಡಿಮೆ ನೀರಿನಲ್ಲಿ ಬೂಷ್ಟೂ ಬೆಳೆಯದು, ಇತರ ಸೂಕ್ಷ್ಮಜೀವಿಗಳೂ ಬೆಳೆಯಲಾರವು. ಇರುವೆಯಿಂದ ಕಾಪಾಡಿದರೆ ಗೊಂಬೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ.